ನೀಲಮ್ಮನ ಮೊದಲ ಕಡಿತ

ನಮ್ಮೂರಿಗೆ ಬರುವ ಬಸ್ಸು ಊರ ಹೊರಗಿನ ಗೇಟಿನ ಬಳಿ ಹತ್ತು ನಿಮಿಷ ನಿಲ್ಲುತ್ತದೆ. ಅಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಕಂಡಕ್ಟರ್ ಎದ್ದು ನಿಂತು, "ಚಕ್ಲಿ, ಚಿಪ್ಸು, ಹುರಿಗಡ್ಲೆ, ಏನೇನ್ ತಂದೀರೋ ಎಲ್ಲ ಇಲ್ಲೇ ಮುಗ್ಸ್ಕಳ್ರಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ" ಎಂದು ಕೂಗುತ್ತಾನೆ. ಹೊಸಬರು ನಗುತ್ತಾರೆ. ನಮ್ಮೂರವರು ನಗುವುದಿಲ್ಲ, ಬೇಗ ಬೇಗ ಅಗಿಯುತ್ತಾರೆ.

ಗೇಟು ದಾಟಿದ ಮೇಲೆ ಯಾರೇ ಗರಿಗರಿಯಾದದ್ದನ್ನು ಕಡಿದರೂ ಆ ಸದ್ದು ಊರಿನ ಪ್ರತಿ ಮನೆಯಲ್ಲೂ ಕೇಳುತ್ತದೆ. ದೂರದಿಂದ ತೇಲಿ ಬಂದಂತೆ ಅಲ್ಲ, ಕಡಿದವರು ನಮ್ಮ ಪಕ್ಕದ ಮಣೆಯ ಮೇಲೆ ಕೂತಂತೆ. ಮಾತು, ಜಗಳ, ಗೊರಕೆ ಎಲ್ಲ ಬೇರೆ ಊರುಗಳ ಹಾಗೇ. ಕಡಿತ ಮಾತ್ರ ಹೀಗೆ. ಆದ್ದರಿಂದ ನಾವು ಹಪ್ಪಳವನ್ನು ಸಾರಿನಲ್ಲಿ ಮುಳುಗಿಸಿ ತಿನ್ನುತ್ತೇವೆ. ಚಕ್ಕುಲಿ ಟೀಯಲ್ಲಿ ನೆನೆಯುತ್ತದೆ. ಸೌತೆಕಾಯಿ ತುರಿಯುತ್ತೇವೆ, ಸೇಬನ್ನು ಚಮಚದಲ್ಲಿ ಕೆರೆಯುತ್ತೇವೆ. ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು ಬಿಟ್ಟರೆ ಬೇರೆ ಏನನ್ನೂ ಕೊಡುವುದಿಲ್ಲ. ಗಂಡಿನ ಕಡೆಯವರು ಎಷ್ಟು ತಿಂದರೆಂದು ಊರಿಗೆಲ್ಲ ಗೊತ್ತಾದರೆ ಆ ಸಂಬಂಧ ಕುದುರುತ್ತದೆಯೇ?

ಹಾಗಂತ ಆಸೆ ಸಾಯುವುದಿಲ್ಲವಲ್ಲ. ಅದಕ್ಕೇ ದಿನಾ ಸಂಜೆ ನಾಲ್ಕೂವರೆಗೆ ಚಾವಡಿಯ ಮುಂದೆ ಬೀರಪ್ಪ ಗಂಟೆ ಹೊಡೆಯುತ್ತಾನೆ. ಅಲ್ಲಿಂದ ಕಾಲು ಗಂಟೆ ಊರಿಗೆ ಊರೇ ಒಟ್ಟಿಗೆ ಕಡಿಯುತ್ತದೆ. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು. ಅದರಲ್ಲಿ ಯಾರ ಹಲ್ಲು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ಕಾಲು ಗಂಟೆಯಾದ ಮೇಲೆ ಮತ್ತೊಮ್ಮೆ ಗಂಟೆ. ಬಾಯಲ್ಲಿದ್ದದ್ದು ಬಾಯಲ್ಲೇ ನೆನೆಯಬೇಕು.

ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಾರೆ. ಸಾವಿನ ಮನೆಯವರ ಕಿವಿಗೆ ಇನ್ನೊಬ್ಬರ ಹಲ್ಲಿನ ಸದ್ದು ಬೀಳಬಾರದು. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಬಟ್ಟೆ ಬಿಚ್ಚುತ್ತಾರೆ. ಆದರೆ ಗಂಟೆ ಹೊಡೆಯುವ ಮೊದಲು ಸತ್ತವರನ್ನು ಕಡೆಯವರೆಗೆ ನೋಡಿಕೊಂಡವರು ಚಾವಡಿಯ ಕಟ್ಟೆಯ ಮೇಲೆ ಕೂತು ಒಂದು ತುಣುಕು ಕಡಿಯಬೇಕು. ಊರೆಲ್ಲ ಸುಮ್ಮನಿದ್ದು ಕೇಳಬೇಕು. ಅದಕ್ಕೆ ಮೊದಲ ಕಡಿತ ಎನ್ನುತ್ತೇವೆ. ನೀನು ಸೇವೆ ಮಾಡಿದ್ದು ನಮಗೆ ಗೊತ್ತು, ಇನ್ನು ನೀನು ತಿನ್ನು, ಬದುಕು ಎಂದು ಊರು ಹೇಳುವ ರೀತಿ ಅದು. ಬಾಯಿಬಿಟ್ಟು ಹೇಳಲು ಬರದವರಿಗೆ ಇದೇ ವಾಸಿ.

ನಾನು ಹಾಲಮ್ಮ. ಇಪ್ಪತ್ತೆರಡು ವರ್ಷ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸಿದವಳು. ಮುನ್ನೂರು ಮಕ್ಕಳಿಗೆ ಸದ್ದಾಗದಂತೆ ಅಡುಗೆ ಮಾಡುವುದೆಂದರೆ ಹುಡುಗಾಟವಲ್ಲ. ಒಗ್ಗರಣೆಯ ಕಡಲೆಬೇಳೆ ಒಂದು ಸ್ವಲ್ಪ ಗಟ್ಟಿ ಉಳಿದರೂ ಮೇಷ್ಟ್ರು ಓಡಿ ಬರುತ್ತಿದ್ದರು. ಹೀಗಾಗಿ ಯಾವ ಪದಾರ್ಥವಾದರೂ ಮೊದಲು ನಾನು ಒಲೆ ಮುಂದೆಯೇ ಬಾಯಿಗೆ ಹಾಕಿ, ಸದ್ದಿಲ್ಲ ಎಂದಾದ ಮೇಲೆ ಬಡಿಸುವುದು. ಆ ಅಭ್ಯಾಸ ಬಿಟ್ಟು ಹೋಗಿಲ್ಲ. ಈ ಕಥೆಯಲ್ಲಿ ನನ್ನ ಮಾನ ತೆಗೆದದ್ದೂ ಅದೇ.

ನಮ್ಮ ಯಜಮಾನರಿಗೆ ಎದೆನೋವು ಬಂದು ಹೋದ ಮೇಲೆ ಡಾಕ್ಟರು ಎಣ್ಣೆ ಬಿಡಿಸಿದರು. ದಿನಾ ನಾಲ್ಕೂವರೆಗೆ ಊರೆಲ್ಲ ನಿಪ್ಪಟ್ಟು ಕಡಿಯುವಾಗ ಅವರು ಕೈಕಟ್ಟಿಕೊಂಡು ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದರು. ಅದನ್ನು ನೋಡಲಾರದೆ ನನ್ನ ತಂಗಿಯ ಮಗಳು ಒಂದು ಏರ್ ಫ್ರೈಯರ್ ತಂದುಕೊಟ್ಟಳು. ಗಾಳಿಯಲ್ಲೇ ಬೇಯಿಸುತ್ತದಂತೆ, ಎಣ್ಣೆ ಬೇಡವಂತೆ. ನೋಡಲು ಅಕ್ಕಿ ಡಬ್ಬಿಗೆ ಮೂತಿ ಇಟ್ಟ ಹಾಗಿತ್ತು. ಜೊತೆಗೆ ಒಂದು ಪುಸ್ತಕವನ್ನೂ ಕೊಟ್ಟಿದ್ದರು. ಅಡುಗೆಗೆ ಪುಸ್ತಕ ಯಾಕೆ ಎಂದು ಅದನ್ನು ಅಲುಗಾಡುವ ಮಂಚದ ಕಾಲಿಗೆ ಒತ್ತುಕೊಟ್ಟೆ.

ಮಿಷನ್ನು ಬಂದ ವಾರಕ್ಕೇ ಎದುರು ಮನೆಯ ಸಿದ್ದವ್ವಜ್ಜಿ ತೀರಿಕೊಂಡಳು. ತೊಂಬತ್ತು ದಾಟಿತ್ತು. ಕಡೆಯ ಹನ್ನೊಂದು ವರ್ಷ ಅಜ್ಜಿಯನ್ನು ಎತ್ತಿ, ಇಳಿಸಿ, ಉಣ್ಣಿಸಿ ನೋಡಿಕೊಂಡವಳು ಮಗಳು ನೀಲಮ್ಮ. ಅಣ್ಣ ಪಂಚಾಕ್ಷರಿ ದೂರದ ಊರಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ. ಹಬ್ಬಕ್ಕೊಮ್ಮೆ ಸೀರೆ ಹಿಡಿದು ಬರುತ್ತಿದ್ದ, ಈಗ ಮಣ್ಣಿಗೆ ಬಂದಿದ್ದ.

ಮಣ್ಣು ಮಾಡಿ ಬಂದಾಗಿನಿಂದ ನೀಲಮ್ಮ ಏನೂ ತಿನ್ನಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಓಣಿಯವರೆಲ್ಲ ಒಬ್ಬೊಬ್ಬರಾಗಿ ಕೊಟ್ಟೆವು. ಗಂಜಿ ಕೊಟ್ಟೆ, ಹಾಗೇ ಬಂತು. ಉಪ್ಪಿಟ್ಟು ಕೊಟ್ಟೆ, ಹಾಗೇ ಬಂತು. "ನೀಲಮ್ಮ, ಎರಡು ತುತ್ತು" ಎಂದರೆ, "ಹನ್ನೊಂದ್ ವರ್ಷ ಗಂಜಿ ಕಾಸೀನಿ ಕಣಕ್ಕ, ಗಂಜಿ ಅಂದ್ರೆ ಕೈ ಮುಂದಕ್ಕೆ ಹೋಗ್ತದೆ, ಬಾಯಿ ಬರಲ್ಲ" ಅಂದಳು. ಬದಲಿಗೆ ನನ್ನ ಮಡಿಲಿಗೇ ಒಂದು ಬುಟ್ಟಿ ಸೇಬು ಹಾಕಿ ಕಳಿಸಿದಳು. ಅಜ್ಜಿಯನ್ನು ನೋಡಲು ಬಂದವರು ತಂದ ಸೇಬುಗಳು. ಕೆರೆದು ತಿನ್ನಿಸಲು ಇನ್ನು ಯಾರೂ ಇರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಆ ಸೇಬುಗಳ ಮುಂದೆ ಕೂತು ಯೋಚಿಸಿದೆ. ಗಂಜಿಯ ಹಾಗೂ ಇರಬಾರದು, ಸದ್ದೂ ಆಗಬಾರದು. ಸಣ್ಣಗೆ ಹೆಚ್ಚಿ ಗಾಳಿ ಒಲೆಯಲ್ಲಿ ಬಾಡಿಸಿದರೆ ಒಣದ್ರಾಕ್ಷಿಯ ಹಾಗೆ ಮೆತ್ತಗೆ, ಸಿಹಿಯಾಗಿ ಆದೀತು ಎನಿಸಿತು. ಬಿಲ್ಲೆ ಬಿಲ್ಲೆಯಾಗಿ ಆದಷ್ಟು ತೆಳ್ಳಗೆ ಹೆಚ್ಚಿದೆ. ಕಪ್ಪಾಗದಿರಲಿ ಎಂದು ನಿಂಬೆರಸದ ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಮೊದಲ ಸಲ ಮಿಷನ್ನು ಹಚ್ಚಿದಾಗ ಒಳಗೆ ಪಟಪಟ ಸದ್ದು. ತೆಗೆದು ನೋಡಿದರೆ ಬಿಲ್ಲೆಗಳೆಲ್ಲ ಗಾಳಿಗೆ ಹಾರಿ ಮೇಲಿನ ಜಾಲರಿಗೆ ಅಂಟಿಕೊಂಡಿವೆ. "ಸೇಬಿಗೂ ಈ ಊರು ಸಾಕಾಯ್ತೇನೋ" ಅಂದರು ಯಜಮಾನರು. ಅವುಗಳ ಮೇಲೆ ಇಡ್ಲಿ ಪಾತ್ರೆಯ ಸ್ಟ್ಯಾಂಡ್ ಮಗುಚಿಟ್ಟೆ, ಸುಮ್ಮನಾದವು. ಸಣ್ಣ ಉರಿಗೆ ತಿರುಗಿಸಿ, ನಡುನಡುವೆ ಮಗುಚಿ ಹಾಕುತ್ತ ಒಂದು ಗಂಟೆ ಕಾದೆ. ಅಂಚು ಮುದುಡಿ, ಹೊಂಬಣ್ಣ ಬಂತು. ಒಂದನ್ನು ಸುಡುಸುಡು ಬಾಯಿಗೆ ಹಾಕಿದೆ. ಮೆತ್ತಗೆ, ಹತ್ತಿಯ ಹಾಗೆ. ಸದ್ದಿಲ್ಲ. ಗೆದ್ದೆ ಅಂದುಕೊಂಡೆ.

ತಟ್ಟೆಯ ಮೇಲೆ ಹರವಿ, ತೆಳು ಬಟ್ಟೆ ಮುಚ್ಚಿ, ಸ್ನಾನಕ್ಕೆ ಹೋದೆ. ಸ್ನಾನ ಮಾಡಿ ಬಂದವಳು ಮುಚ್ಚಿದ್ದ ಬಟ್ಟೆಯನ್ನೂ ಸರಿಸದೆ ತಟ್ಟೆಯನ್ನು ಹಾಗೇ ಎತ್ತಿಕೊಂಡು ಎದುರು ಮನೆಗೆ ಹೋದೆ.

ನೀಲಮ್ಮ ಅಜ್ಜಿಯ ಖಾಲಿ ಮಂಚದ ಕಾಲಿಗೆ ಒರಗಿ ಕೂತಿದ್ದಳು. ಪಂಚಾಕ್ಷರಿ ಪಡಸಾಲೆಯಲ್ಲಿ ಬಂದವರೊಂದಿಗೆ ಮಾತಾಡುತ್ತಿದ್ದ. ನಾನು ಬಟ್ಟೆ ಸರಿಸಿ, "ಇದು ಗಂಜಿ ಅಲ್ಲ, ಉಪ್ಪಿಟ್ಟೂ ಅಲ್ಲ. ಒಂದೇ ಒಂದು. ಇಲ್ಲಾಂದ್ರೆ ನಾನು ಇಲ್ಲಿಂದ ಏಳಲ್ಲ" ಎಂದೆ. ನನ್ನ ಕಾಟಕ್ಕೆ ಒಂದನ್ನು ಎತ್ತಿಕೊಂಡಳು. ಬಾಯಿಗಿಟ್ಟು ಕಡಿದಳು.

ಕರುಂ!

ನಲವತ್ತು ವರ್ಷ ಈ ಊರಿನಲ್ಲಿ ಬಾಳಿದ್ದೇನೆ, ಅಷ್ಟು ಚೊಕ್ಕವಾದ ಕಡಿತ ಕೇಳಿರಲಿಲ್ಲ. ಪಡಸಾಲೆಯ ಮಾತು ನಿಂತಿತು. ಬೀದಿಯಲ್ಲಿ ಯಾರೋ ಕೊಡ ಇಳಿಸಿದರು. ಬಾಗಿಲುಗಳು ಒಂದೊಂದಾಗಿ ತೆರೆದವು. ನೀಲಮ್ಮ ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿದ್ದಳು. ಬಾಯಲ್ಲಿದ್ದದ್ದನ್ನು ಅಗಿಯುವ ಹಾಗಿಲ್ಲ, ಉಗುಳಿದರೆ ಅನ್ನಕ್ಕೆ ಅವಮಾನ. ಕೆನ್ನೆಯೊಳಗಿಟ್ಟುಕೊಂಡು ನೆನೆಯಲು ಬಿಟ್ಟಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಪಂಚಾಕ್ಷರಿ ಬಾಗಿಲಲ್ಲಿ ಬಂದು ನಿಂತ. "ಏನವ್ವ ಇದು? ಮಣ್ಣು ಹಸಿ ಐತೆ ಇನ್ನೂ. ನಿನಗೆ ಬಾಯಿ ಚಪಲನಾ?"

"ಲೇ ಪಂಚಾಕ್ಷರಿ, ತಂದವಳು ನಾನು. ನನಗೆ ಬೈಯಿ" ಎಂದೆ.

"ನೀವು ತಂದ್ರಿ ಅಕ್ಕ, ಕಡಿದಿದ್ದು ಯಾರು?" ಎಂದವನು ಚಪ್ಪಲಿ ಮೆಟ್ಟಿಕೊಂಡು ಸೀದಾ ಚಾವಡಿಯ ಕಡೆ ನಡೆದ.

ಸಂಜೆ ಚಾವಡಿಯಲ್ಲಿ ಹಿರಿಯರು ಕೂತರು. ನಡುವೆ ಮರುಳಪ್ಪನವರು. ಊರಿನ ಕಟ್ಟುಪಾಡುಗಳೆಲ್ಲ ಅವರ ಬಾಯಲ್ಲೇ ಇವೆ, ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಬ್ರೇಕಿಲ್ಲ. ಪಂಚಾಕ್ಷರಿ ಕೈಮುಗಿದು ಹೇಳಿದ: "ನಾಳೆ ಮೊದಲ ಕಡಿತ ಆಗ್ಬೇಕು. ಮೌನ ಮುರಿದೋರು ಅದಕ್ಕೆ ಕೂರೋ ಹಂಗಿಲ್ಲ ಅಂತ ನಮ್ಮಪ್ಪನ ಕಾಲದಿಂದ ಕೇಳೀನಿ. ನಾನೂ ಮಗನೇ ಅಲ್ವ್ರಾ? ನಾನು ಕೂರ್ತೀನಿ."

ನೀಲಮ್ಮ ಕಂಬದ ಹಿಂದೆ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹನ್ನೊಂದು ವರ್ಷಕ್ಕೆ ಈ ಊರು ಅವಳಿಗೆ ಕೊಡುವುದೆಂದರೆ ಇದೊಂದೇ, ಒಂದು ಕಡಿತದಷ್ಟು ಹೊತ್ತು. ಅದೂ ನನ್ನಿಂದ ಹೋಗುವುದರಲ್ಲಿತ್ತು.

"ಅಣ್ಣಾರೆ, ಆ ಬಿಲ್ಲೆ ಮೆತ್ತಗಿತ್ತು. ನಾನೇ ಬಾಯಿಗೆ ಹಾಕ್ಕಂಡು ನೋಡೀನಿ. ಆಮ್ಯಾಲೆ ಅದಕ್ಕೆ ಏನಾಯ್ತೋ ನನಗೆ ತಿಳೀದು. ತಪ್ಪು ನಂದು" ಎಂದೆ.

ಮರುಳಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಹಾಲಮ್ಮ, ನೀನು ಮೆತ್ತಗಿತ್ತು ಅಂತೀಯ. ಊರೆಲ್ಲ ಕರುಂ ಅಂದಿದ್ದು ಕೇಳೈತೆ. ಒಂದೇ ಪದಾರ್ಥ ಎರಡು ಹೆಂಗಾಗ್ತದೆ?"

"ಮಿಷನ್ ತಂದು ಇಲ್ಲೇ ಮಾಡಿ ತೋರಿಸ್ತೀನಿ. ನೀವೇ ತಿಂದು ನೋಡ್ರಿ."

ಚಾವಡಿಯ ಮೈಕ್ ಸೆಟ್ಟಿನ ಪ್ಲಗ್ಗು ಕಿತ್ತು ಗಾಳಿ ಒಲೆ ಹಚ್ಚಿದೆವು. ಐದು ಜನ ಹಿರಿಯರು ಮಗು ಹುಟ್ಟುವುದನ್ನು ಕಾಯುವವರಂತೆ ಅದರ ಸುತ್ತ ಕೂತರು. "ಇದರಾಗೆ ಮೆಣಸಿನಕಾಯಿ ಬಜ್ಜಿ ಆಗ್ತದಾ?" ಎಂದ ಬೀರಪ್ಪ. "ಸಾವಿನ ವಿಚಾರ ನಡೀತೈತೆ, ನಿಂಗೆ ಬಜ್ಜಿ" ಎಂದು ಮರುಳಪ್ಪನವರು ಗದರಿದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಆಗ್ತದೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಒಂದು ಗಂಟೆ ಕಳೆದು ಬಿಲ್ಲೆಗಳು ಹೊರಗೆ ಬಂದವು. ಎಲ್ಲರಿಗೂ ಎರಡೆರಡು ಕೊಟ್ಟೆ. ಐವರೂ ಒಂದೊಂದನ್ನು ಸುಡುಸುಡು ಬಾಯಿಗೆ ಹಾಕಿಕೊಂಡು, ಉಫ್ ಉಫ್ ಎನ್ನುತ್ತ ಅಗಿದರು. ಒಂದು ಚೂರೂ ಸದ್ದಿಲ್ಲ.

ನಾನು ಉಸಿರು ಬಿಡುವಷ್ಟರಲ್ಲಿ ಪಂಚಾಕ್ಷರಿ ಎದ್ದು ನಿಂತ. "ನೋಡಿದ್ರಾ? ಇದು ಮೆತ್ತಗೈತೆ. ಅಂದ್ಮ್ಯಾಲೆ ಅವಳು ಕಡಿದಿದ್ದು ಇದಲ್ಲ. ಮಡಿಲಾಗೆ ಚಕ್ಲಿ ಮುರುಕು ಏನೋ ಇಟ್ಕಂಡಿದ್ಲು. ಹಾಲಮ್ಮಕ್ಕ ಮುಚ್ಚಾಕ್ತಿದಾರೆ."

ಹಿರಿಯರು ತಲೆಯಾಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಬಿಡಿಸಲು ಬಂದವಳು ಗಂಟನ್ನು ಇನ್ನಷ್ಟು ಬಿಗಿ ಮಾಡಿದ್ದೆ. ನೀಲಮ್ಮ ಕಂಬದ ಹಿಂದಿನಿಂದ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಿಡಕ್ಕ, ಸಾಕು ಎನ್ನುವ ಹಾಗಿತ್ತು. ಸಿಟ್ಟಾದರೆ ತಡೆದುಕೊಳ್ಳುತ್ತಿದ್ದೆ.

ಏನು ಮಾಡಲೂ ತೋಚದೆ ನನ್ನ ಕೈಯಲ್ಲಿದ್ದ ಬಿಲ್ಲೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದೆ. ಆಗ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಮುಂಚೆ ಬಾಗುತ್ತಿದ್ದ ಅಂಚು ಈಗ ಬಾಗಲೊಲ್ಲದು. ಬಿಸಿ ಇಳಿದ ಹಾಗೆಲ್ಲ ಬಿಗಿಯುತ್ತಿದೆ. ಅಯ್ಯೋ ನನ್ನ ಬುದ್ಧಿಯೇ! ಬೆಲ್ಲದ ಪಾಕ ಆರಿದ ಮೇಲೆ ತಾನೇ ಗಟ್ಟಿಯಾಗುವುದು? ಮುನ್ನೂರು ಮಕ್ಕಳಿಗೆ ಬೇಯಿಸಿದವಳಿಗೆ ಇಷ್ಟು ಹೊಳೆಯಲಿಲ್ಲ. ಬಿಸಿಯಾಗಿದ್ದಾಗ ರುಚಿ ನೋಡಿದೆ, ಆರಿದ ಮೇಲೆ ಬಡಿಸಿದೆ.

ಆಗಲೇ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನಂಬುವವರು ಯಾರು? ಗಂಡಸರಿಗೆ ಅಡುಗೆಯ ಮಾತು ಕಿವಿಯಿಂದ ಒಳಗೆ ಹೋಗುವುದು ಕಡಿಮೆ, ಬಾಯಿಂದ ಹೋಗಬೇಕು. ಬಿಲ್ಲೆ ಇನ್ನೂ ಬೆಚ್ಚಗಿತ್ತು. ಹೊತ್ತು ಬೇಕಿತ್ತು. ಮರುಳಪ್ಪನವರ ಎಡಗೈಯಲ್ಲಿ ಎರಡನೆಯ ಬಿಲ್ಲೆ ಹಾಗೇ ಇರುವುದನ್ನು ನೋಡಿದೆ.

"ಆಗ್ಲಿ ಅಣ್ಣಾರೆ, ನೀವು ಹೇಳಿದಂಗೆ ಆಗ್ಲಿ. ಆದ್ರೆ ಒಂದು ತಿಳಿಸಿಕೊಡ್ರಿ. ಈ ಮೊದಲ ಕಡಿತದ ಕಟ್ಟು ಶುರುವಾಗಿದ್ದು ಹೆಂಗೆ? ನಮ್ಮ ಹುಡುಗರಿಗೆ ಏನೂ ಗೊತ್ತಿಲ್ಲ."

ಬೀರಪ್ಪ ನನ್ನತ್ತ ತಿರುಗಿ, ಯಾಕೆ ತಾಯಿ ಈ ಶಿಕ್ಷೆ ಎನ್ನುವಂತೆ ನೋಡಿದ. ಮರುಳಪ್ಪನವರ ಮುಖ ಅರಳಿತು. ತಮ್ಮ ಮುತ್ತಜ್ಜನಿಂದ ಹಿಡಿದರು. ಊರಿಗೆ ಗಂಟೆ ಬಂದದ್ದು, ಅದನ್ನು ಎರಕ ಹೊಯ್ದವನಿಗೆ ಹಲ್ಲೇ ಇಲ್ಲದಿದ್ದದ್ದು, ಕಾಲು ಗಂಟೆಯೋ ಅರ್ಧ ಗಂಟೆಯೋ ಎಂದು ಎರಡು ಓಣಿ ಹೊಡೆದಾಡಿದ್ದು. ಪಂಚಾಕ್ಷರಿ ಎರಡು ಸಲ ಆಕಳಿಸಿದ. ಅವರು ನಡುವೆ ನಿಂತರೆ ನಾನು, "ಆಮ್ಯಾಲೆ?" ಎಂದು ಸೌದೆ ನೂಕುತ್ತಿದ್ದೆ. ಹೆಬ್ಬೆರಳಿನ ಕೆಳಗೆ ನನ್ನ ಬಿಲ್ಲೆ ಬಳೆ ಚೂರಿನಷ್ಟು ಗಟ್ಟಿಯಾದಾಗ, "ಎಷ್ಟು ಚೆಂದ ಹೇಳಿದ್ರಿ ಅಣ್ಣಾರೆ. ಬಾಯಿ ಒಣಗಿರ್ಬೇಕು. ಕೈಯಾಗಿರೋದನ್ನ ಬಾಯಿಗೆ ಹಾಕ್ಕಳ್ರಿ, ಆಮ್ಯಾಲೆ ತೀರ್ಪು ಕೊಡೀರಂತೆ" ಎಂದೆ.

ಹಾಕಿಕೊಂಡರು.

ಕರುಂ!

ಮರುಳಪ್ಪನವರು ದವಡೆಯನ್ನು ಅರ್ಧಕ್ಕೆ ನಿಲ್ಲಿಸಿ ಬೊಂಬೆಯ ಹಾಗೆ ಕೂತುಬಿಟ್ಟರು. ಕಣ್ಣು ಮಾತ್ರ ಅತ್ತಿತ್ತ ಹೊರಳುತ್ತಿದ್ದವು. ಚಾವಡಿಯ ಹಿಂದೆಯೇ ಅವರ ಮನೆ. ಅಲ್ಲಿಂದ ಅವರ ಹೆಂಡತಿಯ ಕೂಗು ಕೇಳಿತು: "ಯಾವನ್ರೀ ಅವನು, ಮೂರು ದಿನ ತಡಿಯಾಕೆ ಆಗಲ್ವಾ! ಥೂ, ಅದೂ ನಮ್ಮನೆಯೋರು ಕಡಿದಂಗೇ ಐತೆ!"

ಬೀರಪ್ಪ ಬಾಯಿಗೆ ಟವೆಲ್ ತುರುಕಿಕೊಂಡ. ಭುಜ ಕುಣಿಯುತ್ತಿದ್ದವು. ಸಾವಿನ ಮೌನದಲ್ಲಿ ನಗುವುದಕ್ಕೇನೂ ಅಡ್ಡಿಯಿಲ್ಲ, ಆದರೂ ಯಾರೂ ಮೊದಲು ನಗಲು ಒಪ್ಪಲಿಲ್ಲ. ಕಂಬದ ಹಿಂದಿನಿಂದ ಮೂಗಿನಲ್ಲಿ ಒಂದು ಸದ್ದು ಬಂತು. ತಿರುಗಿ ನೋಡಿದರೆ ನೀಲಮ್ಮ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. ಆಮೇಲೆ ಹಿರಿಯರ ನಗುವನ್ನು ತಡೆಯುವವರು ಯಾರೂ ಇರಲಿಲ್ಲ.

ಬಾಯಲ್ಲಿದ್ದದ್ದು ನೆಂದು ಇಳಿಯುವವರೆಗೆ ಮರುಳಪ್ಪನವರು ತೀರ್ಪು ಹೇಳುವ ಹಾಗಿರಲಿಲ್ಲ. ಅವರ ಬದುಕಿನ ಅತಿ ದೊಡ್ಡ ಮೌನ ಅದು. ಕೊನೆಗೆ ನೀರು ಕುಡಿದು, "ಬಿಸಿಯಾಗಿದ್ರೆ ಮೆತ್ತಗೆ, ಆರಿದ್ರೆ ಗರಿಗರಿ. ತಿಂದೋರ ತಪ್ಪಲ್ಲ. ತಂದೋಳ್ದು ಮರೆವು. ನಾಳೆ ನೀಲಮ್ಮ ಕೂರ್ತಾಳೆ. ಏನಪ್ಪ ಪಂಚಾಕ್ಷರಿ?" ಎಂದರು.

ಪಂಚಾಕ್ಷರಿ ನೆಲ ನೋಡುತ್ತಿದ್ದ. "ನಾನೂ ಏನಾದ್ರೂ ಒಂದು ಮಾಡ್ಬೇಕಿತ್ತು ಅಣ್ಣಾರೆ, ಅವ್ವಂಗೆ. ಇಷ್ಟು ವರ್ಷ ಏನೂ ಮಾಡ್ಲಿಲ್ಲ. ಇದಾದ್ರೂ ಸಿಕ್ತು ಅಂದ್ಕಂಡೆ" ಎಂದ. ಅದು ನಿಜವಾದ ಮಾತು. ಸಿಟ್ಟಿನಲ್ಲಿದ್ದ ನನಗೂ ಬೈಯಲು ಬಾಯಿ ಬರಲಿಲ್ಲ. "ಹಂಗಾದ್ರೆ ನಾಳೆ ಸೇಬು ನೀನು ಹೆಚ್ಚು ಬಾ. ಟೈಲರ್ ಕೈ, ತೆಳ್ಳಗೆ ಬರ್ತವೆ" ಎಂದೆ.

ಮರುದಿನ ಹಾಲು ತುಪ್ಪ ಬಿಟ್ಟು ಬಂದವನು ನಮ್ಮ ಅಡುಗೆ ಮನೆಯಲ್ಲಿ ಕೂತು ಹೆಚ್ಚಿದ. ಅಳತೆ ಪಟ್ಟಿ ಇಟ್ಟು ಕತ್ತರಿಸಿದಂತೆ ಬಂದವು, ನಾನು ಹೆಚ್ಚಿದ್ದಕ್ಕಿಂತ ತೆಳ್ಳಗೆ. ಈ ಸಲ ತೆಗೆದ ಮೇಲೆ ಪೂರ್ತಿ ಆರಲು ಬಿಟ್ಟೆ. ನಾಲ್ಕೂವರೆಗೆ ಚಾವಡಿಯ ಮುಂದೆ ಊರು ಸೇರಿತ್ತು. ಬೀರಪ್ಪ ಗಂಟೆಯ ಬಟ್ಟೆ ಬಿಚ್ಚಿ, ಹಗ್ಗ ಹಿಡಿದು ನಿಂತ. ಪ್ರತಿಯೊಬ್ಬರ ಕೈಯಲ್ಲೂ ಏನೋ ಒಂದು, ನಿಪ್ಪಟ್ಟು, ಕೋಡುಬಳೆ, ಹುರಿಗಡಲೆ. ನೀಲಮ್ಮ ಕಟ್ಟೆಯ ಮೇಲೆ ಕೂತಳು. ತಟ್ಟೆಯನ್ನು ಪಂಚಾಕ್ಷರಿ ಅವಳ ಮಡಿಲಲ್ಲಿಟ್ಟು ಹಿಂದೆ ಸರಿದ.

ಒಂದು ಬಿಲ್ಲೆ ಎತ್ತಿ ಕಡಿದಳು. ಊರು ಕೇಳಿತು. ಬೀರಪ್ಪ ಹಗ್ಗ ಬಿಗಿ ಹಿಡಿದ.

ಕಟ್ಟಿನ ಪ್ರಕಾರ ಅಲ್ಲಿಗೆ ಮುಗಿಯಬೇಕು. ಆದರೆ ನೀಲಮ್ಮನ ಕೈ ಮತ್ತೆ ತಟ್ಟೆಗೆ ಹೋಯಿತು. ಕರುಂ. ಬೀರಪ್ಪ ಮರುಳಪ್ಪನವರ ಮುಖ ನೋಡಿದ. ಅವರು ಕೈಯೆತ್ತಿ, ತಡಿ ಎಂದರು. ಮೂರನೆಯದು. ನಾಲ್ಕನೆಯದು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ಒಂದು ಕಿವಿಯನ್ನು ಮಂಚದ ಕಡೆ ಇಟ್ಟು, ನಿಂತುಕೊಂಡೇ ಉಂಡ ಹೆಂಗಸು ಈಗ ಕಾಲು ಚಾಚಿ ಕೂತು, ಒಂದೊಂದನ್ನೇ ಎತ್ತಿ, ಸಾವಕಾಶವಾಗಿ ತಿನ್ನುತ್ತಿದ್ದಳು. ಮಕ್ಕಳೂ ಕಮಕ್ ಕಿಮಕ್ ಎನ್ನಲಿಲ್ಲ. ಒಬ್ಬಳು ಹೊಟ್ಟೆ ತುಂಬಾ ತಿನ್ನುವುದನ್ನು ಊರಿಗೆ ಊರೇ ನಿಂತು ಕೇಳಿತು. ನನ್ನ ಪಕ್ಕದಲ್ಲಿ ಯಜಮಾನರು ಕಣ್ಣೊರೆಸಿಕೊಂಡು, "ಧೂಳು" ಅಂದರು.

ತಟ್ಟೆ ಖಾಲಿಯಾಯಿತು. ಅಂಟಿದ್ದ ಚೂರನ್ನು ಬೆರಳಿಗೆ ಒತ್ತಿ ನಾಲಿಗೆಗಿಟ್ಟುಕೊಂಡಳು. ಬೀರಪ್ಪ ಮತ್ತೆ ಹಗ್ಗ ಎತ್ತಿದ. ನೀಲಮ್ಮ ತಲೆಯೆತ್ತಿ, ಜನರ ನಡುವೆ ನನ್ನನ್ನು ಹುಡುಕಿದಳು.

"ಅಕ್ಕ, ಇನ್ನೂ ಅದಾವೇನು?"

"ಮಿಷನ್ನಾಗೆ ಇನ್ನೊಂದು ಸಲಕ್ಕೆ ಹಾಕಿದ್ದು ಆಗೈತೆ. ಆದ್ರೆ ಆರಬೇಕು ಕಣವ್ವ. ಹತ್ತು ನಿಮಿಷ" ಎಂದೆ.

"ತಡೀತೀನಿ" ಎಂದಳು ನೀಲಮ್ಮ.

ಬೀರಪ್ಪ ಹಗ್ಗ ಬಿಟ್ಟು ಮೆಟ್ಟಿಲ ಮೇಲೆ ಕೂತ. ಊರೂ ಕೈಯಲ್ಲಿ ನಿಪ್ಪಟ್ಟು ಹಿಡಿದುಕೊಂಡೇ ಕೂತಿತು. ನಾನು ತಟ್ಟೆ ಎತ್ತಿಕೊಂಡು ಮನೆಯ ಕಡೆ ಓಡಿದೆ.